ರಾತ್ರಿ ಎಂಟೂವರೆಗೆ ಸುಮ್ಮನಾಗುವ ಮೀಟರ್: ತಪ್ಪು ಬಿಸಿಲಿನದಲ್ಲ, ಕೂಡುವ ಲೆಕ್ಕದ್ದು

ಪ್ರಶ್ನೆ: ಸರ್, ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿಗೆ ನಾವಿಬ್ಬರು ಗೆಳೆಯರು ಸೇರಿ ಡ್ರೈಯರ್‌ನ ಟೆಂಪರೇಚರ್ ಮೀಟರ್ ಮಾಡಿಕೊಟ್ಟಿದ್ದೇವೆ. ಆರ್ಡುಯಿನೋ ಊನೋ ಬೋರ್ಡು, ಜೊತೆಗೆ ಇಎನ್‌ಸಿ28ಜೆ60 ಈಥರ್ನೆಟ್ ಚಿಪ್ಪು. ಎರಡು ಸೆಕೆಂಡಿಗೊಂದು ಯುಡಿಪಿ ಪ್ಯಾಕೆಟ್ (ತಲುಪಿತೇ ಅಂತ ಉತ್ತರಕ್ಕೆ ಕಾಯದೆ ಕಳಿಸುವ ಡೇಟಾ ಕಂತು) ಆಫೀಸಿನ ಕಂಪ್ಯೂಟರಿಗೆ ಹೋಗುತ್ತದೆ. ಒಳಗೆ 32 ಬೈಟ್ ಡೇಟಾ. ಲೈಬ್ರರಿ ಬಳಸಿಲ್ಲ, ಪ್ಯಾಕೆಟ್ಟಿನ ಮುಂದೆ ವಿಳಾಸ ಹೊತ್ತಿರುವ ಐಪಿ ಹೆಡರ್, ಅದು ಕೆಟ್ಟಿದೆಯೇ ಅಂತ ಹಿಡಿಯುವ ಚೆಕ್‌ಸಮ್ ಎಲ್ಲಾ ನಾವೇ ಬರೆದಿದ್ದು. ಯುಡಿಪಿ ಚೆಕ್‌ಸಮ್ ಜಾಗದಲ್ಲಿ ಮಾತ್ರ ಸೊನ್ನೆ ಬಿಟ್ಟಿದ್ದೇವೆ. ಮೀಟರ್ ವಿಳಾಸ 10.0.0.20, ಕಂಪ್ಯೂಟರ್ ವಿಳಾಸ 10.0.0.5. ಬೆಳಿಗ್ಗೆ 6ಕ್ಕೆ ಆನ್ ಮಾಡಿದರೆ ರಾತ್ರಿ ಎಂಟೂವರೆ ಸುಮಾರಿಗೆ ರೀಡಿಂಗ್ ನಿಲ್ಲುತ್ತದೆ. ಆಗಲೂ ಪಿಂಗ್ ಮಾಡಿ 'ಇದ್ದೀಯಾ' ಅಂತ ಕೇಳಿದರೆ ಉತ್ತರ ಬರುತ್ತದೆ! ಆಫ್ ಮಾಡಿ ಆನ್ ಮಾಡಿದರೆ ಸರಿ. ಒಂದು ಭಾನುವಾರ ಯಾರೂ ಮುಟ್ಟಲಿಲ್ಲ, ಸೋಮವಾರ ಸಂಜೆ ತಾನೇ ಶುರುವಾಯಿತು. ಬಿಸಿಲಿಗೆ ಅಂತ ಫ್ಯಾನ್ ಹಾಕಿದೆವು, ಅಡಾಪ್ಟರ್ ಬದಲಿಸಿದೆವು, ಕೇಬಲ್ ಹೊಸದು ಎಳೆದೆವು. ಆಮೇಲೆ ಚೆಕ್‌ಸಮ್ ಫಂಕ್ಷನ್ನಿನಲ್ಲಿ 'ಸಮ್' ಅನ್ನು ಲಾಂಗ್ ಮಾಡಿ ನೋಡಿದೆವು. ಈಗ ಎಂಟೂವರೆ ದಾಟುತ್ತದೆ, ಆದರೆ ರಾತ್ರಿ ಹನ್ನೆರಡು ಕಳೆದ ಮೇಲೆ ನಿಲ್ಲುತ್ತದೆ. ಅದೇ ಕೋಡ್ ಲ್ಯಾಪ್‌ಟಾಪಿನಲ್ಲಿ ಸರಿಯಾದ ಉತ್ತರ ಕೊಡುತ್ತದೆ. ಕೋಡನ್ನು ಇದರ ಜೊತೆ ಕಳಿಸಿದ್ದೇವೆ. ದಿನಾ ಸಂಜೆ ರೀಸ್ಟಾರ್ಟ್ ಆಗುವ ಹಾಗೆ ಟೈಮರ್ ಹಾಕಿಬಿಡಲೇ?

ಉತ್ತರ: ಫ್ಯಾನ್ ಬಿಚ್ಚಿಡಿ. ಹಳೆ ಅಡಾಪ್ಟರೇ ಸಾಕಾಗಿತ್ತು. ಬಿಸಿಲು ಕಾರಣವಾಗಿದ್ದರೆ ಮಧ್ಯಾಹ್ನ ಮೂರಕ್ಕೆ ಕೈಕೊಡಬೇಕಿತ್ತು, ಹೊತ್ತು ಮುಳುಗಿ ತಣ್ಣಗಾದ ಮೇಲೆ ಅಲ್ಲ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಯಾವ ಮಷೀನು ಕೆಟ್ಟರೂ ಮೊದಲು ಬಿಸಿಲನ್ನು ಬೈಯುವುದು ರೂಢಿ. ಈ ಸಲ ಬಿಸಿಲಿನ ತಪ್ಪಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ದಿನಾ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ನಿಲ್ಲುತ್ತದೆ. ಆಫ್ ಆನ್ ಮಾಡಿದರೆ ಸರಿ ಹೋಗುತ್ತದೆ. ಸುಮ್ನೆ ಬಿಟ್ಟರೂ ಮರುದಿನ ಸಂಜೆ ತಾನೇ ಸರಿ ಹೋಗುತ್ತದೆ. ಅಂದರೆ ಎಲ್ಲೋ ಒಂದು ಎಣಿಕೆ ಏರುತ್ತಾ ಹೋಗಿ, ಒಂದು ಗಡಿ ದಾಟಿದಾಗ ಲೆಕ್ಕ ಕೆಡುತ್ತಿದೆ. ಅದು ಮತ್ತೆ ಸೊನ್ನೆಗೆ ಬಂದಾಗ ಲೆಕ್ಕ ಸರಿ ಹೋಗುತ್ತಿದೆ. ನಿಮ್ಮ ಪ್ಯಾಕೆಟ್ಟಿನಲ್ಲಿ ಹಾಗೆ ಏರುವುದು ಒಂದೇ: ಐಪಿ ಹೆಡರಿನ ಐಡೆಂಟಿಫಿಕೇಶನ್ ನಂಬರು, ಚಿಕ್ಕದಾಗಿ ಐಡಿ. ಪ್ರತಿ ಪ್ಯಾಕೆಟ್ಟಿಗೂ ನೀವು ಅದಕ್ಕೆ ಒಂದು ಕೂಡಿಸುತ್ತೀರಿ. ಆನ್ ಮಾಡಿದಾಗ ಅದು 0, 65535 ಆದ ಮೇಲೆ ಮತ್ತೆ 0.

ಪೆನ್ನು ಹಾಳೆ ತೆಗೆದುಕೊಳ್ಳಿ. ಐಪಿ ಚೆಕ್‌ಸಮ್ ಅಂದರೆ 20 ಬೈಟಿನ ಹೆಡರನ್ನು ಎರಡೆರಡು ಬೈಟಿನ ಹತ್ತು ಸಂಖ್ಯೆ ಮಾಡಿ ಕೂಡುವುದು, ಕೊನೆಗೆ ಬಂದ ಮೊತ್ತವನ್ನು 65535ರಲ್ಲಿ ಕಳೆಯುವುದು. ಜೋಡಿಯ ಮೊದಲ ಬೈಟನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ ಒಂದು ಸಂಖ್ಯೆ. ನಿಮ್ಮ ಹೆಡರಿನ ಮೊದಲ ಸಂಖ್ಯೆ 17664, ಅಂದರೆ ಐಪಿ ನಾಲ್ಕನೇ ಆವೃತ್ತಿ, ಹೆಡರ್ 20 ಬೈಟ್. ಆಮೇಲೆ ಒಟ್ಟು ಉದ್ದ 60: ಹೆಡರ್ 20, ಯುಡಿಪಿ 8, ಡೇಟಾ 32. ಮೂರನೆಯದು ಐಡಿ, ಸದ್ಯಕ್ಕೆ ಬಿಡೋಣ. ಫ್ಲ್ಯಾಗ್ ಜಾಗದಲ್ಲಿ 0. ಟಿಟಿಎಲ್ (ಪ್ಯಾಕೆಟ್ಟಿನ ಆಯಸ್ಸು) 64, ಪ್ರೋಟೋಕಾಲ್ 17 (ಅಂದರೆ ಯುಡಿಪಿ) ಸೇರಿ 16401. ಚೆಕ್‌ಸಮ್ ಜಾಗ ಲೆಕ್ಕ ಮಾಡುವಾಗ 0. ಮೀಟರಿನ ವಿಳಾಸ 2560 ಮತ್ತು 20. ಕಂಪ್ಯೂಟರಿನ ವಿಳಾಸ 2560 ಮತ್ತು 5. ಎಲ್ಲಾ ಕೂಡಿದರೆ 39270.

ಇದು ಯಾವತ್ತೂ ಬದಲಾಗುವುದಿಲ್ಲ. ಇದರ ಮೇಲೆ ಐಡಿ ಸೇರುತ್ತದೆ. ಐಡಿ 26265 ಇರುವ ತನಕ ಮೊತ್ತ 65535ರ ಒಳಗೇ ಇರುತ್ತದೆ. 26266 ಆದ ಕೂಡಲೇ 65536. ಎರಡು ಸೆಕೆಂಡಿಗೊಂದರಂತೆ ಅಲ್ಲಿಗೆ ಮುಟ್ಟಲು 52532 ಸೆಕೆಂಡು ಬೇಕು. ಅಂದರೆ 14 ಗಂಟೆ 35 ನಿಮಿಷ. ಬೆಳಿಗ್ಗೆ 6ಕ್ಕೆ ಶುರು ಮಾಡಿದರೆ ರಾತ್ರಿ 8:35. ಬೋರ್ಡಿನ ಗಡಿಯಾರ ಅಷ್ಟು ಕರಾರುವಾಕ್ಕಲ್ಲ, ಕೆಲವು ನಿಮಿಷ ಆಚೀಚೆ ಆಗುತ್ತದೆ. ಐಡಿ ಪೂರ್ತಿ ಒಂದು ಸುತ್ತು ಹೊಡೆಯಲು 36 ಗಂಟೆ 24 ನಿಮಿಷ. ಭಾನುವಾರ ಬೆಳಿಗ್ಗೆ 6ಕ್ಕೆ ಆನ್ ಮಾಡಿದ್ದು ಸೋಮವಾರ ಸಂಜೆ 6:24ಕ್ಕೆ ಜೀವ ಹಿಡಿಯಿತು, ಅಲ್ವಾ? ಕರೆಂಟು ಹೋಗಿ ಬಂದ ದಿನ ಸಮಸ್ಯೆ ಇರುವುದಿಲ್ಲ ಅಂತ ಮಿಲ್ಲಿನವರು ಹೇಳಿದ್ದರೆ ಅದೂ ನಿಜವೇ. ಬೋರ್ಡು ಮತ್ತೆ 0ಯಿಂದ ಎಣಿಸಲು ಶುರು ಮಾಡಿರುತ್ತದೆ.

ಈಗ 65536 ಆದಾಗ ಏನಾಗುತ್ತದೆ ನೋಡೋಣ. ನಿಮ್ಮ ಮೊದಲ ಕೋಡಿನಲ್ಲಿ ಮೊತ್ತ ಇಡುವ 'ಸಮ್' ಅನ್‌ಸೈನ್ಡ್ ಇಂಟ್, ಅಂದರೆ ಮೈನಸ್ ಇಲ್ಲದ ಪೂರ್ಣ ಸಂಖ್ಯೆ ಆಗಿತ್ತು. ಲ್ಯಾಪ್‌ಟಾಪಿನಲ್ಲಿ ಇಂಟ್ ಅಂದರೆ 32 ಬಿಟ್. ಊನೋದ ಎಟಿಮೆಗಾ328 ಚಿಪ್ಪಿನಲ್ಲಿ ಇಂಟ್ ಅಂದರೆ ಬರೀ 16 ಬಿಟ್. ಅಲ್ಲಿ 65535 ಆದ ಮೇಲೆ 0. ಮೂಟೆ ಎಣಿಸುವ ಕೈ ಮೀಟರು 9999 ಆದ ಮೇಲೆ 0000 ತೋರಿಸುವ ಹಾಗೆ. ಅಂಥ ಹೊತ್ತಿನಲ್ಲಿ ಗುಮಾಸ್ತ ಪುಸ್ತಕದಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಹತ್ತು ಸಾವಿರ ಮೂಟೆ ಲೆಕ್ಕದಿಂದ ಮಾಯ. ಚೆಕ್‌ಸಮ್‌ನಲ್ಲಿ ಆ ಗೆರೆಗೆ ಕ್ಯಾರಿ ಅನ್ನುತ್ತೇವೆ. ಶಾಲೆಯಲ್ಲಿ ಕೂಡುವಾಗ ದಶಕ ಅಂತ ಮೇಲೆ ಬರೆದುಕೊಳ್ಳುತ್ತಿದ್ದೆವಲ್ಲ, ಅದೇ.

ಮಾಮೂಲಿ ಲೆಕ್ಕದಲ್ಲಿ ಕ್ಯಾರಿ ಬಿದ್ದುಹೋದರೂ ಕೆಲವೊಮ್ಮೆ ನಡೆಯುತ್ತದೆ. ಈ ಲೆಕ್ಕದಲ್ಲಿ ನಡೆಯುವುದಿಲ್ಲ. ಇಲ್ಲಿ ಹೊರಗೆ ಬಿದ್ದ ಕ್ಯಾರಿಯನ್ನು ಹೆಕ್ಕಿ ತಂದು ಮೊತ್ತದ ಬಾಲಕ್ಕೇ ಕೂಡಿಸಬೇಕು. ಒನ್ಸ್ ಕಾಂಪ್ಲಿಮೆಂಟ್ ಕೂಡಿಕೆ ಅನ್ನುವುದು ಇದಕ್ಕೇ. 1981ರ ಐಪಿ ದಾಖಲೆಯಲ್ಲೇ ಈ ನಿಯಮ ಇದೆ. ಇದನ್ನು ಬೇಗ ಮಾಡುವುದು ಹೇಗೆ ಅಂತ ವಿವರವಾಗಿ ಹೇಳಿದ್ದು 1988ರ ಆರ್‌ಎಫ್‌ಸಿ 1071 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ದಾಖಲೆ ಸರಣಿ). ಇಪ್ಪತ್ನಾಲ್ಕು ಪುಟದ ಓದು ಅಂತ ಹೆದರಬೇಡಿ, ಸ್ವಂತ ಕೈಯಲ್ಲಿ ನೆಟ್‌ವರ್ಕ್ ಕೋಡ್ ಬರೆಯುವವರು ಒಂದು ಸಲ ಓದಲೇಬೇಕು.

ಒಂದು ಪ್ಯಾಕೆಟ್ಟನ್ನೇ ಹಿಡಿದು ನೋಡಿ. ಐಡಿ 40000 ಅಂತಿಟ್ಟುಕೊಳ್ಳಿ. ಮೊತ್ತ 79270. ಅದರಲ್ಲಿ 65536 ತೆಗೆದರೆ 13734, ಕ್ಯಾರಿ 1 ಕೂಡಿದರೆ 13735. 65535ರಲ್ಲಿ ಕಳೆದರೆ 51800. ಇದು ಸರಿಯಾದ ಚೆಕ್‌ಸಮ್. ನಿಮ್ಮ ಬೋರ್ಡು ಕ್ಯಾರಿ ಮರೆತು 13734ಕ್ಕೇ ನಿಲ್ಲುತ್ತದೆ, 51801 ಬರೆದು ಕಳಿಸುತ್ತದೆ. ವ್ಯತ್ಯಾಸ ಬರೀ ಒಂದು. ಪಡೆಯುವ ಕಂಪ್ಯೂಟರಿಗೆ ಅಷ್ಟು ಸಾಕು. ಅದು ಚೆಕ್‌ಸಮ್ಮನ್ನೂ ಸೇರಿಸಿ ಇಡೀ ಹೆಡರ್ ಕೂಡುತ್ತದೆ. 65535 ಬಂದರೆ ಒಳಗೆ ಬಿಡುತ್ತದೆ, ಇಲ್ಲದಿದ್ದರೆ ಸದ್ದಿಲ್ಲದೆ ಎಸೆಯುತ್ತದೆ. ಕಳಿಸಿದವರಿಗೆ ಒಂದು ಮಾತೂ ಹೇಳುವುದಿಲ್ಲ. ಹೇಳಬಾರದು ಅನ್ನುವುದೇ ನಿಯಮ, ಯಾಕೆಂದರೆ ಹೆಡರೇ ಕೆಟ್ಟಿದ್ದರೆ ಅದರಲ್ಲಿರುವ ಕಳಿಸಿದವರ ವಿಳಾಸವನ್ನು ಹೇಗೆ ನಂಬುವುದು? ನಡುವಿನ ಸ್ವಿಚ್ಚು ಐಪಿ ಹೆಡರನ್ನು ನೋಡುವುದೇ ಇಲ್ಲ. ಅದಕ್ಕೆ ಬೇಕಾದ ಈಥರ್ನೆಟ್ ಸಿಆರ್‌ಸಿಯನ್ನು (ಕೇಬಲ್ ಮಟ್ಟದ ತಪ್ಪು ಹಿಡಿಯುವ ಸಂಖ್ಯೆ) ನಿಮ್ಮ ಚಿಪ್ಪು ಸರಿಯಾಗಿಯೇ ಹಾಕುತ್ತಿದೆ. ಹಾಗಾಗಿ ಲೈಟು ಮಿನುಗುತ್ತಲೇ ಇರುತ್ತದೆ, ಕೇಬಲ್ ಮೇಲೆ ಅನುಮಾನ ಪಟ್ಟಿದ್ದು ವ್ಯರ್ಥ.

ನಿಮ್ಮ ಕೋಡಿನಲ್ಲಿ ಕ್ಯಾರಿ ಹೆಕ್ಕುವ ಸಾಲು ಇಲ್ಲವೇ ಅಂದರೆ, ಇದೆ. 'ಸಮ್ >> 16' ಅಂತ ಬರೆದು ಕೂಡಿಸಿದ್ದೀರಿ. ಆದರೆ 16 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ ಬಲಕ್ಕೆ ಸರಿಸಿದರೆ ಏನು ಬರಬೇಕು ಅಂತ ಸಿ ಭಾಷೆ ಹೇಳುವುದೇ ಇಲ್ಲ. ಏನು ಬಂದರೂ ಅದರಲ್ಲಿ ಕ್ಯಾರಿ ಇರಲು ಸಾಧ್ಯವಿಲ್ಲ, ಅದು ಮೊದಲೇ ಬಿದ್ದುಹೋಗಿದೆ. ಕಂಪೈಲರ್ ಈ ಸಾಲಿಗೆ ಎಚ್ಚರಿಕೆ ಕೊಡುತ್ತದೆ. ಆದರೆ ಆರ್ಡುಯಿನೋ ಐಡಿಇಯಲ್ಲಿ ಕಂಪೈಲರ್ ವಾರ್ನಿಂಗ್ಸ್ ಅನ್ನುವುದು ಮೊದಲಿಂದಲೇ 'ನನ್' (None, ಯಾವುದೂ ಬೇಡ) ಅಂತ ಇರುತ್ತದೆ. ಪ್ರಿಫರೆನ್ಸಸ್‌ಗೆ ಹೋಗಿ 'ಆಲ್' ಮಾಡಿ. ಈ ಕೆಲಸ ಇವತ್ತೇ ಮಾಡಿ.

ಇನ್ನು ನಿಮ್ಮ ಎರಡನೇ ಪ್ರಯತ್ನ. 'ಸಮ್' ಅನ್ನು ಲಾಂಗ್ ಮಾಡಿದ್ದು ಸರಿಯಾದ ದಾರಿಯೇ. ಹಾಗಾದರೆ ನಡುರಾತ್ರಿ ಯಾಕೆ ನಿಲ್ಲಬೇಕು? ಪ್ರಶ್ನೆಯ ರುಚಿ ಇರುವುದೇ ಇಲ್ಲಿ. ಎರಡು ಬೈಟು ಜೋಡಿಸುವ ನಿಮ್ಮ ಸಾಲು ಹೀಗಿದೆ. ಕೋಡನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಫೈಲಿನಲ್ಲಿ ಎಂದಿನಂತೆ ಬರೆದುಕೊಳ್ಳಿ:

ಸಮ್ += (ಪಿ[0] << 8) | ಪಿ[1];

ಪಿ[0] ಒಂದು ಬೈಟು. ಅದನ್ನು ಎಡಕ್ಕೆ ಸರಿಸುವ ಮೊದಲು ಸಿ ಅದನ್ನು ಇಂಟ್ ಮಾಡಿಕೊಳ್ಳುತ್ತದೆ. ಸೈನ್ಡ್ ಇಂಟ್, ನಿಮ್ಮ ಬೋರ್ಡಿನಲ್ಲಿ 16 ಬಿಟ್. ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 32767. ಪಿ[0] 127 ಇರುವ ತನಕ ತೊಂದರೆ ಇಲ್ಲ. 128 ಆದರೆ 128 ಗುಣಿಸು 256, ಅಂದರೆ 32768. ಹಿಡಿಯುವುದಿಲ್ಲ. ಬರುವುದು ಮೈನಸ್ 32768. ಈ ಮೈನಸ್ ಸಂಖ್ಯೆಯನ್ನು 32 ಬಿಟ್ಟಿನ 'ಸಮ್'ಗೆ ಕೂಡುವಾಗ ಮೇಲಿನ 16 ಬಿಟ್ಟೂ ಒಂದುಗಳಿಂದ ತುಂಬುತ್ತವೆ. ಲೆಕ್ಕಕ್ಕೆ ಹೇಳುವುದಾದರೆ, ಕೂಡಬೇಕಾದದ್ದಕ್ಕಿಂತ 65536 ಕಡಿಮೆ ಕೂಡಿದಂತೆ. ಅಂದರೆ ಒಂದು ಕ್ಯಾರಿ ನುಂಗಿದಂತೆ! ನೀವು ಪಾತ್ರೆ ದೊಡ್ಡದು ಮಾಡಿದಿರಿ, ಸರಿ. ಆದರೆ ಸಂಖ್ಯೆ ಅಲ್ಲಿಗೆ ಬರುವ ಮೊದಲೇ ಕೆಟ್ಟಿರುತ್ತದೆ.

ನಿಮ್ಮ ಹೆಡರಿನಲ್ಲಿ ಜೋಡಿಯ ಮೊದಲ ಬೈಟು 128 ಮುಟ್ಟುವುದು ಐಡಿಯಲ್ಲಿ ಮಾತ್ರ. ಉಳಿದವು 69, 64, 10, ಇಲ್ಲವೇ 0. ಐಡಿಯ ಮೇಲಿನ ಬೈಟು 128 ಆಗುವುದು 32768ನೇ ಐಡಿಗೆ. ಎರಡು ಸೆಕೆಂಡಿನ ಲೆಕ್ಕದಲ್ಲಿ 65536 ಸೆಕೆಂಡು, 18 ಗಂಟೆ 12 ನಿಮಿಷ. ಬೆಳಿಗ್ಗೆ 6ರಿಂದ ಎಣಿಸಿ, ರಾತ್ರಿ 12:12. ನೀವು ಬರೆದ 'ಹನ್ನೆರಡು ಕಳೆದ ಮೇಲೆ' ಇದೇ. ರೀಡಿಂಗ್ ದಾಖಲಾಗುವ ನಿಮ್ಮ ಫೈಲಿನಲ್ಲಿ ಕೊನೆಯ ರೀಡಿಂಗ್‌ನ ಸಮಯ ನೋಡಿ ತಾಳೆ ಹಾಕಿ.

ಈ ಎರಡನೇ ದೋಷಕ್ಕೆ ವಾರ್ನಿಂಗ್ಸ್ 'ಆಲ್' ಮಾಡಿದರೂ ಎಚ್ಚರಿಕೆ ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎಷ್ಟು ಸಲ ಓಡಿಸಿದರೂ ಸಿಗುವುದಿಲ್ಲ, ಅಲ್ಲಿನ ಇಂಟ್‌ಗೆ 32768 ಯಾವ ಲೆಕ್ಕ. ಬೋರ್ಡಿನ ಕೋಡನ್ನು ಬೋರ್ಡಿನ ಮೇಲೆಯೇ ಪರೀಕ್ಷಿಸಿ ಅಂತ ಹಿರಿಯರು ಗೊಣಗುವುದು ಇದಕ್ಕೇ.

ಸರಿ ಮಾಡಿದ ಫಂಕ್ಷನ್ನಿನ ಒಳಭಾಗ ಇಷ್ಟೇ:

ಯುಇಂಟ್32_ಟಿ ಸಮ್ = 0;
ವೈಲ್ (ಉದ್ದ > 1) {
  ಸಮ್ += ((ಯುಇಂಟ್16_ಟಿ)ಪಿ[0] << 8) | ಪಿ[1];
  ಪಿ += 2; ಉದ್ದ -= 2;
}
ಇಫ್ (ಉದ್ದ) ಸಮ್ += (ಯುಇಂಟ್16_ಟಿ)ಪಿ[0] << 8;
ವೈಲ್ (ಸಮ್ >> 16) ಸಮ್ = (ಸಮ್ & 65535) + (ಸಮ್ >> 16);
ರಿಟರ್ನ್ (ಯುಇಂಟ್16_ಟಿ)~ಸಮ್;

ಮೂರು ಕಡೆ ಗಮನ ಕೊಡಿ. ಲಾಂಗ್ ಅನ್ನುವ ಬದಲು ಯುಇಂಟ್32_ಟಿ ಬರೆದಿದ್ದೇನೆ. ಲಾಂಗ್‌ನ ಅಳತೆಯೂ ಬೋರ್ಡಿನಲ್ಲಿ ಒಂದು, 64 ಬಿಟ್ ಲಿನಕ್ಸಿನಲ್ಲಿ ಇನ್ನೊಂದು. ಅಳತೆ ಹೆಸರಿನಲ್ಲೇ ಇದ್ದರೆ ತಲೆನೋವಿಲ್ಲ. ಎರಡನೆಯದು ಪಿ[0] ಹಿಂದಿನ ಯುಇಂಟ್16_ಟಿ. ಅಲ್ಲಿಗೆ ಮೈನಸ್ ಕಾಟ ಮುಗಿಯಿತು. ಅಲ್ಲೂ ಯುಇಂಟ್32_ಟಿ ಹಾಕಬಹುದು, ತಪ್ಪಿಲ್ಲ. ಆದರೆ 8 ಬಿಟ್ಟಿನ ಚಿಪ್ಪಿಗೆ ಸುಮ್ನೆ ಜಾಸ್ತಿ ಕೆಲಸ.

ಮೂರನೆಯದು ಕ್ಯಾರಿ ಮಡಚುವ ಸಾಲು, ಅಂದರೆ ಕ್ಯಾರಿ ಹೆಕ್ಕಿ ಬಾಲಕ್ಕೆ ಕೂಡಿಸುವ ಸಾಲು. ನೀವು ಒಂದೇ ಸಲ ಮಡಚಿದ್ದೀರಿ, ನಾನು 'ವೈಲ್' ಹಾಕಿದ್ದೇನೆ. ಯಾಕೆ ಅಂತ ಮೇಲಿನ ಉದಾಹರಣೆಯಲ್ಲೇ ಕಾಣುತ್ತದೆ. ತಪ್ಪು ಚೆಕ್‌ಸಮ್ 51801 ಇರುವ ಆ ಪ್ಯಾಕೆಟ್ಟನ್ನು ಪಡೆದವರು ಕೂಡಿದರೆ 79270ಕ್ಕೆ 51801 ಸೇರಿ 131071. ಇದರಲ್ಲಿ 65536 ಒಂದು ಸಲ ಹೋಗಿ 65535 ಉಳಿಯುತ್ತದೆ. ಆ ಒಂದನ್ನು ಕೂಡಿಸಿದರೆ ಮತ್ತೆ 65536! ಮಡಚಿದ್ದರಿಂದಲೇ ಹೊಸ ಕ್ಯಾರಿ ಹುಟ್ಟಿತು. ಇನ್ನೊಂದು ಸಲ ಮಡಚಿದರೆ 1. ಇಂಥದ್ದು ಅಪರೂಪ, ಅದಕ್ಕೇ ಪರೀಕ್ಷೆಯಲ್ಲಿ ಸಿಗದೆ ಮಿಲ್ಲಿನಲ್ಲಿ ಸಿಗುತ್ತದೆ.

32 ಬಿಟ್ ಆದರೂ ಸಾಕೇ ಅಂತ ಕೇಳಬಹುದು. ಸಾಕು. ಎಲ್ಲಾ ಜೋಡಿಯೂ 65535 ಇದ್ದರೂ 65537 ಜೋಡಿ ತನಕ ತುಂಬಿ ಚೆಲ್ಲುವುದಿಲ್ಲ. ಐಪಿ ಪ್ಯಾಕೆಟ್ಟು 65535 ಬೈಟಿಗಿಂತ ದೊಡ್ಡದಿರುವುದಿಲ್ಲ, ಅಂದರೆ ಹೆಚ್ಚೆಂದರೆ 32768 ಜೋಡಿ. ವೇಗಕ್ಕೆ ಅಂತ ನಾಲ್ಕು ನಾಲ್ಕು ಬೈಟು ಒಟ್ಟಿಗೆ ಕೂಡಲು ಹೋದರೆ ಮಾತ್ರ ಈ ಲೆಕ್ಕ ಕೆಡುತ್ತದೆ, ಆಗ 64 ಬಿಟ್ ಬೇಕು. 20 ಬೈಟಿಗೆ ಆ ಗೋಜು ಬೇಡ.

ಸರಿಯಾಯಿತೋ ಇಲ್ಲವೋ ಅಂತ ರಾತ್ರಿಯಿಡೀ ಮಿಲ್ಲಿನಲ್ಲಿ ಕಾಯುತ್ತಾ ಕೂರಬೇಡಿ. ಐಡಿಯನ್ನು 0 ಬದಲು 26260ರಿಂದ ಶುರು ಮಾಡಿ. ನಿಮ್ಮ ಮೊದಲ ಕೋಡ್ 12 ಸೆಕೆಂಡಿಗೆ ಮಲಗುತ್ತದೆ. 32760ರಿಂದ ಶುರು ಮಾಡಿದರೆ ಎರಡನೆಯದು 16 ಸೆಕೆಂಡಿಗೆ. ಹಳೆ ಕೋಡಿನಲ್ಲಿ ಹೀಗೆ ಬೇಕಂತಲೇ ಕೆಡಿಸಿ ನೋಡಿ, ಆಮೇಲೆ ಹೊಸದನ್ನು ಹಾಕಿ. ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ನೋಡುವುದಾದರೆ ಐಪಿವಿ4 ಸೆಟ್ಟಿಂಗಿನಲ್ಲಿ ಚೆಕ್‌ಸಮ್ ಪರೀಕ್ಷಿಸುವ ಆಯ್ಕೆಗೆ ಟಿಕ್ ಹಾಕಿ, ಇಲ್ಲದಿದ್ದರೆ ತಪ್ಪಿದ್ದರೂ ಕೆಂಪು ಬಣ್ಣ ಬರುವುದಿಲ್ಲ. ಆಫೀಸಿನ ಕಂಪ್ಯೂಟರಿನಿಂದಲೇ ಹೊರಡುವ ಪ್ಯಾಕೆಟ್ಟಿನ ಚೆಕ್‌ಸಮ್ ತಪ್ಪು ಅಂತ ಅದು ತೋರಿಸಿದರೆ ಗಾಬರಿ ಬೇಡ. ಅದನ್ನು ನೆಟ್‌ವರ್ಕ್ ಕಾರ್ಡು ಆಮೇಲೆ ತುಂಬುತ್ತದೆ. ಮೀಟರಿನಿಂದ ಬರುವುದನ್ನು ಮಾತ್ರ ನೋಡಿ.

ಪಿಂಗ್ ಯಾಕೆ ಬರುತ್ತಿತ್ತು? ನಿಮ್ಮ ಪಿಂಗ್ ಉತ್ತರದ ಕೋಡ್ ಹೊಸ ಹೆಡರ್ ಕಟ್ಟುವುದಿಲ್ಲ. ಬಂದ ಪ್ಯಾಕೆಟ್ಟಿನಲ್ಲಿ ಎರಡು ವಿಳಾಸ ಅದಲುಬದಲು ಮಾಡಿ ವಾಪಸ್ ಕಳಿಸುತ್ತದೆ. ಕೂಡುವಾಗ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಲೆಕ್ಕಕ್ಕಿಲ್ಲ. ಹಾಗಾಗಿ ಕಂಪ್ಯೂಟರ್ ಹಾಕಿದ ಚೆಕ್‌ಸಮ್ಮೇ ಸರಿಯಾಗಿ ಉಳಿಯುತ್ತದೆ, ನಿಮ್ಮ ಫಂಕ್ಷನ್ನಿಗೆ ಕೆಲಸವೇ ಇಲ್ಲ. ಆದರೆ ಅಲ್ಲೂ ಒಂದು ತೂತಿದೆ. ಪಿಂಗ್ ಕೋರಿಕೆಯ ಟೈಪ್ 8, ಉತ್ತರದ್ದು 0. ಅದಕ್ಕೆ ಐಸಿಎಂಪಿ (ಪಿಂಗ್ ಬಳಸುವ ಪ್ರೋಟೋಕಾಲ್) ಚೆಕ್‌ಸಮ್‌ಗೆ 2048 ಕೂಡಿಸಿದ್ದೀರಿ, ಅದೂ 16 ಬಿಟ್ಟಿನಲ್ಲಿ. ಬಂದ ಚೆಕ್‌ಸಮ್ 63488 ಅಥವಾ ಮೇಲೆ ಇದ್ದರೆ ಅಲ್ಲಿಯೂ ಕ್ಯಾರಿ ಬೀಳುತ್ತದೆ. ಅಲ್ಲೂ 32 ಬಿಟ್ಟಿನಲ್ಲಿ ಕೂಡಿ ಮಡಚಿ. ಹೀಗೆ ಇದ್ದ ಚೆಕ್‌ಸಮ್ಮನ್ನೇ ತಿದ್ದುವ ಲೆಕ್ಕ ನೋಡಲು ಸುಲಭ, ಮಾಡಲು ಜಾರು ನೆಲ. 1990ರ ಆರ್‌ಎಫ್‌ಸಿ 1141 ಕೊಟ್ಟ ಸೂತ್ರದಲ್ಲೇ ಸೊನ್ನೆಯ ಹತ್ತಿರ ಒಂದು ತಪ್ಪು ಇತ್ತು. 1994ರಲ್ಲಿ ಆರ್‌ಎಫ್‌ಸಿ 1624 ಬಂದು ಅದನ್ನು ತಿದ್ದಿತು.

ಟೈಮರ್ ಮಾತ್ರ ಖಂಡಿತ ಬೇಡ. ಐಡಿ ಏರಿಸದೆ 0 ಇಟ್ಟುಬಿಡೋಣ ಅನ್ನುವ ಯೋಚನೆಯೂ ಬೇಡ. ನಾಳೆ ಮಿಲ್ಲಿನವರು ಹೊಸ ರೂಟರ್ ತರುತ್ತಾರೆ, ವಿಳಾಸ 192.168 ಅಂತ ಶುರುವಾಗುತ್ತದೆ. 192, 168 ಸೇರಿದರೆ 49320. ಅದು ಎರಡು ಸಲ ಬರುತ್ತದೆ, ಅಲ್ಲಿಗೇ 98640. ಮೊದಲ ಪ್ಯಾಕೆಟ್ಟಿನಲ್ಲೇ ಕ್ಯಾರಿ. ನಿಮ್ಮ ಎರಡನೇ ಕೋಡಿಗೂ ಅದೇ ಗತಿ, 192 ಅನ್ನುವುದು 128 ದಾಟಿದೆಯಲ್ಲ. ಆಗ ಮೀಟರು ಬೆಳಿಗ್ಗೆ ಆರರಿಂದಲೇ ಸುಮ್ಮನಿರುತ್ತದೆ, ಎಲ್ಲರೂ ರೂಟರನ್ನು ಬೈಯುತ್ತಾರೆ.

ಇದೇ ಕಾಯಿಲೆ ನಿಮ್ಮ ಕೋಡಿನ ಬೇರೆ ಸಾಲುಗಳಲ್ಲೂ ಇದೆಯಾ ಅಂತ ಹುಡುಕಿ. ಟೆಂಪರೇಚರ್ ಸಾಲಿನಲ್ಲಿ 500.0 ಅಂತ ಪಾಯಿಂಟ್ ಹಾಕಿ ಗುಣಿಸಿದ್ದೀರಿ, ಬಚಾವ್. ಬರೀ 500 ಬರೆದಿದ್ದರೆ ಎಲ್‌ಎಂ35 ಸೆನ್ಸರಿನ ರೀಡಿಂಗ್ 66 ಆದ ಕೂಡಲೇ 33000 ಆಗಿ ಮೈನಸ್ ಡಿಗ್ರಿ ತೋರಿಸುತ್ತಿತ್ತು. ಅದು ಸುಮಾರು 32 ಡಿಗ್ರಿ ಶಾಖ. ಗಂಗಾವತಿಯ ಬೇಸಿಗೆಯಲ್ಲಿ ಡ್ರೈಯರ್ ಹಚ್ಚುವ ಮೊದಲೇ ದಾಟುತ್ತದೆ. ಆದರೆ ಒಂದು ನಿಮಿಷ ಕಾಯಲು 60 * 1000 ಅಂತ ಬರೆದ ಸಾಲು ನೋಡಿದೆ. ಅದು 60000, ಇಂಟ್‌ನಲ್ಲಿ ಹಿಡಿಯುವುದಿಲ್ಲ. 60000ಯುಎಲ್ (ಯುಎಲ್ ಅಂದರೆ ಅನ್‌ಸೈನ್ಡ್ ಲಾಂಗ್) ಅಂತ ನೇರವಾಗಿ ಬರೆಯಿರಿ.

ಕೊನೆಗೆ ಯುಡಿಪಿ ಚೆಕ್‌ಸಮ್. ಐಪಿ ನಾಲ್ಕನೇ ಆವೃತ್ತಿಯಲ್ಲಿ ಅಲ್ಲಿ 0 ಬಿಡಬಹುದು, 'ನಾನು ಲೆಕ್ಕ ಮಾಡಿಲ್ಲ' ಅಂತ ಅದರ ಅರ್ಥ. ಹಾಗೆ ಬಿಟ್ಟಿದ್ದಕ್ಕೇ ಹಳೆ ಕೋಡ್ ದಿನಕ್ಕೆ 14 ಗಂಟೆಯಾದರೂ ಓಡಿತು. ಅಂಕಿ ಅಕ್ಷರ ತುಂಬಿದ 32 ಬೈಟು ಕೂಡಿದ್ದರೆ ಕ್ಯಾರಿ ಪ್ರತಿ ಪ್ಯಾಕೆಟ್ಟಿನಲ್ಲೂ ಬೀಳುತ್ತಿತ್ತು. ಆದರೆ ಐಪಿ ಚೆಕ್‌ಸಮ್ ಕಾಯುವುದು ಹೆಡರನ್ನು ಮಾತ್ರ, ನಿಮ್ಮ ಟೆಂಪರೇಚರ್ ಅಂಕಿಯನ್ನಲ್ಲ. ಚಿಪ್ಪಿಗೂ ಬೋರ್ಡಿಗೂ ನಡುವಿನ ವೈರಿನಲ್ಲಿ ಒಂದು ಬಿಟ್ ತಿರುಗಿದರೆ ಈಥರ್ನೆಟ್ ಸಿಆರ್‌ಸಿಗೂ ಗೊತ್ತಾಗುವುದಿಲ್ಲ. ಡ್ರೈಯರ್ ಮೋಟಾರಿನ ಪಕ್ಕದಲ್ಲಿ ಇಟ್ಟಿದ್ದೀರಿ, ಹಾಗಾಗಿ ಫಂಕ್ಷನ್ ಸರಿಯಾದ ಮೇಲೆ ಇದನ್ನೂ ಹಾಕಿ. ಎರಡು ವಿಳಾಸದ ನಾಲ್ಕು ಸಂಖ್ಯೆ, ಪ್ರೋಟೋಕಾಲ್ 17, ಯುಡಿಪಿ ಉದ್ದ 40, ಇಷ್ಟನ್ನು ಮೊದಲು ಕೂಡಿ, ಆಮೇಲೆ ಯುಡಿಪಿ ಹೆಡರ್ ಮತ್ತು ಡೇಟಾ. ಉತ್ತರ 0 ಬಂದರೆ 0 ಕಳಿಸಬೇಡಿ, 65535 ಕಳಿಸಿ.